ಡ್ವೇನ್‌ಗೆ ಹೋದ ಕರ್ಚಿಕಾಯಿ

೧೧ ನವೆಂಬರ್ ೨೦೨೩, ಶನಿವಾರ, ಹರ್ನ್‌ಡನ್

ಪಕ್ಕೆಲುಬು ಇನ್ನೂ ನೋಯುತ್ತಿದೆ. ಹೋದ ವಾರ ಮಂಜುಗಡ್ಡೆಯ ಅಂಗಳದಲ್ಲಿ ಐಸ್ ಹಾಕಿ ಆಡುವಾಗ ಎದುರು ತಂಡದವನೊಬ್ಬ ನನ್ನನ್ನು ಅದರ ಸುತ್ತಲಿನ ಗೋಡೆಗೆ ಅಪ್ಪಳಿಸಿದ್ದ. ಅಂದು ನಮ್ಮ ತಂಡದ ಡ್ವೇನ್ ಬಂದಿರಲಿಲ್ಲ. ನನ್ನ ಹೆಂಡತಿ ಸಿದ್ದೇಶ್ವರಿಗೆ ಈ ಹಾಕಿ ಸಾಕಾಗಿತ್ತು. ಇವತ್ತೇ ಕೊನೆಯ ಆಟ ಎಂದು ಮಾತು ತೆಗೆದುಕೊಂಡು ತಾನೂ ನೋಡಲು ಬಂದಳು.

ಇವತ್ತೂ ಒಬ್ಬ ಹಿಂದಿನಿಂದ ನೂಕಿದ. ನಾನು ಏಳುವುದರೊಳಗೆ ಡ್ವೇನ್ ಅವನ ಅಂಗಿ ಹಿಡಿದು ನಿಂತಿದ್ದ. ರೆಫರಿ ಡ್ವೇನ್‌ನನ್ನು ಶಿಕ್ಷೆಯಾಗಿ ಅಂಗಳದ ಹೊರಗಿನ ಪೆನಾಲ್ಟಿ ಬಾಕ್ಸಿಗೆ ಕಳಿಸಿದ. ಆಮೇಲೆ ಅವನ ಭಯಕ್ಕೆ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ನಿರಾಳವಾಗಿ ಎರಡು ಗೋಲು ಹೊಡೆದೆ. ಎಲ್ಲರೂ ನನ್ನ ಬೆನ್ನು ತಟ್ಟಿದರು, ಈ ವರ್ಷ ಒಂದೂ ಗೋಲು ಹೊಡೆಯದ ಡ್ವೇನ್ ಕೂಡ. ನನ್ನ ಪರವಾಗಿ ಹೀಗೆ ಒಬ್ಬರು ನಿಂತು ಎಷ್ಟು ಕಾಲವಾಗಿತ್ತು!

ಪಾರ್ಕಿಂಗ್‌ನಲ್ಲಿ ಸಿದ್ದೇಶ್ವರಿ ನನಗೆಂದು ತಂದಿದ್ದ ದೀಪಾವಳಿಯ ಕರ್ಚಿಕಾಯಿ ಡಬ್ಬಿಯನ್ನೇ ಡ್ವೇನ್ ಕೈಗಿಟ್ಟಳು. ಅವನು ಅಲ್ಲೇ ಒಂದು ಕಚ್ಚಿ, ಗಡ್ಡದ ತುಂಬಾ ಕೊಬ್ಬರಿ ಉದುರಿಸಿಕೊಂಡು ನಕ್ಕ.

ಕಾರಿನಲ್ಲಿ, ನನಗೊಂದೂ ಉಳಿಯಲಿಲ್ಲವೆಂದು ಗೊಣಗಿದೆ.

"ಗೋಲು ನಿಮಗ ಸಿಕ್ಕಾವಲ್ಲ. ಕರ್ಚಿಕಾಯಿ ಅಂವಗ ಇರ್ಲಿ," ಅಂದಳು. ಟೋಲ್ ರೋಡ್ ದಾಟಿದ ಮೇಲೆ ಕೇಳಿದಳು: "ಬರೋ ವಾರ ಅಂವ ಬರ್ತಾನೇನ್ರಿ?"

"ಬರ್ತಾನ."

"ಹಂಗಾದ್ರ ಹೋಗ್ರಿ."