ಕರಿ ಕಾರಿಗೆ ಬೇವಿನೆಣ್ಣೆ

ಭಾನುವಾರ, ಫೆಬ್ರವರಿ 9

ತೋಳು ಎತ್ತಲಾಗುತ್ತಿಲ್ಲ. ರಾಬರ್ಟ್‌ಸನ್‌ಪೇಟೆಯಿಂದ ಬಾಡಿಗೆಗೆ ತಂದ ಪಾಲಿಶ್ ಮೆಷಿನ್ ಹಿಡಿದು, ನನ್ನ ಕರಿ ಕಾರಿನ ಮೇಲಿದ್ದ ಸುರುಳಿ ಸುರುಳಿ ಗೀರುಗಳನ್ನು ಇಡೀ ದಿನ ತೆಗೆದೆ. ಸಂಜೆ ಬಾನೆಟ್‌ನಲ್ಲಿ ನನ್ನ ಮುಖ ಕಂಡಿತು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಒಂದು ಹಿಡಿ ಒಣಹುಲ್ಲಿನಿಂದ ಅದನ್ನು ತಿಕ್ಕುತ್ತಿದ್ದ!

“ಚಿನ್ನದ ಗಣಿ ಸೈನೈಡ್ ದಿಬ್ಬದ ದೂಳು ಕುಂತಿತ್ತು ಕಣಮ್ಮಾ. ನಮ್ ಅಸೂನ ಉಜ್ಜಿದಂಗೆ ಉಜ್ಜಿದೆ. ಎಂಗ್ ಮಿಂಚ್ತದೆ ನೋಡು!”

“ಮೈಯೆಲ್ಲಾ ತರಚಿಬಿಟ್ಯಲ್ಲಪ್ಪಾ!” ಎಂದು ಕಿರುಚಿದೆ. ಅಪ್ಪ ಕೊಟ್ಟಿಗೆಗೆ ಹೋದ.

ಈಗ ಬಾಗಿಲು ಹಾಕಲು ಹೋದರೆ ಕಾರಿನಿಂದ ಬೇವಿನೆಣ್ಣೆಯ ವಾಸನೆ. ಹಸುವಿನ ಗಾಯಕ್ಕೆ ಹಚ್ಚುವಂತೆ ಒಂದೊಂದು ಗೀರಿಗೂ ಸವರಿದ್ದಾನೆ. ಬೆಳಗಾಗುವಷ್ಟರಲ್ಲಿ ಎಣ್ಣೆಗೆ ಧೂಳು ಅಂಟಿರುತ್ತದೆ. ನಾನು ಏಳುವ ಮೊದಲೇ ಮತ್ತೆ ಉಜ್ಜುತ್ತಾನೆ. ಹುಲ್ಲನ್ನು ಬಚ್ಚಿಡೋಣವೆಂದರೆ, ಹಸು ಏನು ತಿನ್ನಬೇಕು?