ಒಂದು ಪುಟ, ಸ್ವಹಸ್ತದಲ್ಲಿ

ಗಡಿಯಾರದಂಗಡಿ,
ಬುಧವಾರ ಬೆಳಗ್ಗೆ

ಚಿರಂಜೀವಿ ಅಲಾರಂಗೆ ಅಪ್ಪನ ಆಶೀರ್ವಾದಗಳು.

(ಹುಟ್ಟಿದಾಗ ಬೀದಿಯನ್ನೆಲ್ಲ ಎಬ್ಬಿಸಿದವಳಿಗೆ ಈ ಹೆಸರು ನರ್ಸಾದ ಮೇಲೂ ತಪ್ಪಿದ್ದಲ್ಲ.)

ಮೊದಲಿಗೆ ತಪ್ಪೊಪ್ಪಿಗೆ. ನಾನು, ಈ ಬೀದಿಯ ಏಕೈಕ ಗಡಿಯಾರ ರಿಪೇರಿಯವನು, ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು, ನಿನ್ನೆಯವರೆಗೆ ಮಾನವಂತ ಎನಿಸಿಕೊಂಡವನು, ಸ್ವಸ್ಥ ಮನಸ್ಸಿನಿಂದ ಒಂದು ಕಳ್ಳತನ ಮಾಡಿದ್ದೇನೆ. ನಿಮ್ಮಮ್ಮನ ಹೊಲಿಗೆ ಡಬ್ಬಿಯಿಂದ ಅವಳ ಶಾಯಿ ಪೆನ್ನನ್ನು ಎಗರಿಸಿದ್ದೇನೆ. ಯಾರೂ ಮುಟ್ಟಬಾರದೆಂದು ಅವಳು ಸೂಜಿಗಳ ಕಾವಲಿಟ್ಟಿದ್ದ ಪೆನ್ನು. ಈಗ ಮುಖ ಗಂಟಿಕ್ಕಿಕೊಂಡು ಎದುರಿಗೇ ಕೂತಿದ್ದಾಳೆ. ಅಪರಾಧಕ್ಕೆ ಪ್ರೇರಣೆ ನೀನಾದ್ದರಿಂದ ಅರ್ಧ ಶಿಕ್ಷೆ ನಿನಗೆ.

ಕಳೆದ ಸಲ ನೀನು ಬಂದಾಗ ನನ್ನ ಕೈಯಲ್ಲಿದ್ದ ಟೀ ಕಪ್ ಸಾಸರಿನ ಮೇಲೆ ಸ್ವಲ್ಪ ತಾಳ ಹಾಕಿತು. ಅಷ್ಟಕ್ಕೇ ನೀನು ನಿಮ್ಮ ಆಸ್ಪತ್ರೆಯ ನರಗಳ ಡಾಕ್ಟರ ಹತ್ತಿರ ಸೋಮವಾರಕ್ಕೆ ನನ್ನ ಹೆಸರು ಬರೆಸಿದೆ. ಅಲ್ಲಿಯತನಕ ಅಂಗಡಿ ಮುಚ್ಚಬೇಕೆಂದು ಅಪ್ಪಣೆ ಬೇರೆ ಕೊಟ್ಟೆ. ಏನೂ ಆಗಿಲ್ಲವೆಂದು ನಾನು ಗಂಟಲು ಹರಿದುಕೊಂಡಿದ್ದಕ್ಕೆ ನೀನು ಹೇಳಿದ್ದು ಇಷ್ಟು: “ಫೋನಲ್ಲಿ ನಿನ್ನ ಬಾಯಿ ಮಾತ್ರ ಕೇಳುತ್ತಪ್ಪ, ಕೈ ಕೇಳಲ್ಲ. ಒಂದು ಪುಟ ಕೈಯಲ್ಲಿ ಬರೆದು ಕಳಿಸು. ಅಕ್ಷರ ನೆಟ್ಟಗಿದ್ರೆ ನಾನೇ ಕ್ಯಾನ್ಸಲ್ ಮಾಡಿಸ್ತೀನಿ.”

ಮಾತು ಸರಿ. ಫೋನಿನಲ್ಲಿ ಒತ್ತಿ ಕಳಿಸುವ ಅಕ್ಷರಕ್ಕೆ ಜ್ವರ ಬರುವುದಿಲ್ಲ, ತೂಕಡಿಕೆ ಬರುವುದಿಲ್ಲ. ಅಳುವವನು ಒತ್ತಿದರೂ ಮದುವೆಗೆ ಹೊರಟವನು ಒತ್ತಿದರೂ ಅದೇ ಇಸ್ತ್ರಿ ಮಾಡಿದ ಮುಖ. ಕೈಬರಹ ಹಾಗಲ್ಲ. ಹಾಸ್ಟೆಲಿನಿಂದ ನೀನು ಬರೆದ ಮೊದಲ ಕಾಗದದಲ್ಲಿ ‘ಚೆನ್ನಾಗಿದ್ದೇನೆ’ ಎಂದಿತ್ತು. ಆ ಪದವೊಂದೇ ಸಾಲಿನಿಂದ ಕೆಳಕ್ಕೆ ಜಾರಿತ್ತು. ಮಾರನೇ ದಿನ ನಾನು ಹಾಸ್ಟೆಲಿನ ಗೇಟಿನಲ್ಲಿದ್ದೆ, ನೆನಪಿದೆಯಾ?

ಆದ್ದರಿಂದ ಕಣ್ತುಂಬ ನೋಡು. ಒಂದಾದರೂ ಅಕ್ಷರ ಸೊಟ್ಟಗಿದೆಯಾ? ಅಂಗಡಿಯಲ್ಲಿ ಪ್ರತಿ ಗಡಿಯಾರಕ್ಕೂ ಕಟ್ಟುವ ಹೆಸರಿನ ಚೀಟಿಯಲ್ಲಿರುವುದೂ ಇದೇ ಅಕ್ಷರ. ನೀನು ಓದು ಕಲಿತದ್ದೇ ಆ ಚೀಟಿಗಳ ಮೇಲೆ ಬೆರಳಾಡಿಸಿ. ಈ ಕೈ ನನಗೆ ಕೈಕೊಟ್ಟಿಲ್ಲ. ಪತ್ರದಲ್ಲಿ ಬೇರೆ ಯಾರ ಕೈವಾಡವೂ ಇಲ್ಲ.

ಇನ್ನೂ ನಂಬಿಕೆ ಬರದಿದ್ದರೆ ಕೇಳು. ಎದುರು ಸಾಲಿನ ಟೈಲರಮ್ಮ ತೀರಿಹೋದ ತನ್ನ ತಾಯಿಯ ಕೈಗಡಿಯಾರ ತಂದುಕೊಟ್ಟಿದ್ದಳು. ಉಗುರಿನಷ್ಟಗಲದ್ದು, ಒಳಗಿನ ಸ್ಪ್ರಿಂಗು ಕೂದಲೆಳೆಗಿಂತ ತೆಳು. ದಿನಾ ಸಂಜೆ ಬಾಗಿಲಲ್ಲಿ ನಿಂತು ಆಯ್ತಾ ಎಂದು ವಿಚಾರಿಸುತ್ತಾಳೆ, ಒಳಗೆ ಮಲಗಿರುವ ತನ್ನ ಅಮ್ಮನನ್ನೇ ವಿಚಾರಿಸುವಂತೆ. ನಿನ್ನೆ ಆ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಒಂದೇ ಸಲಕ್ಕೆ ಕೂರಿಸಿದೆ. ಈಗ ಟಿಕ್ ಟಿಕ್ ಅನ್ನುತ್ತಿದೆ. (ಇಲ್ಲಿ ಶಾಯಿ ಒಂದು ಚೂರು ಹರಡಿದೆ. ತಪ್ಪು ಪೆನ್ನಿನದು, ಕೈಯದಲ್ಲ.) ನಾಳೆ ಸಂಜೆ ಒಯ್ಯುತ್ತಾಳೆ.

ಅಂಗಡಿ ಮುಚ್ಚಿ ನಾನೇನು ಮಾಡಲಿ? ಇಷ್ಟು ವರ್ಷ ಊರಿಗೆಲ್ಲ ಸಮಯ ಸರಿಮಾಡಿ ಕೊಟ್ಟವನು ಈಗ ಡಾಕ್ಟರ ಬಾಗಿಲಲ್ಲಿ ಸಮಯ ಕೇಳಿಕೊಂಡು ನಿಲ್ಲುವುದೇ?

ಇಂತಿ,
ಎಳ್ಳಷ್ಟೂ ನಡುಗದ
ನಿನ್ನ ಅಪ್ಪ

ತಾ.ಕ.: ಈಗ ಒಪ್ಪಿಕೊಂಡೆ ತಾನೇ? ಹಾಗಿದ್ದರೆ ಸೋಮವಾರದ ಭೇಟಿಯನ್ನು ಕೂಡಲೇ ರದ್ದು

ಇಲ್ಲಿಂದ ನನ್ನ ಅಕ್ಷರ, ಮಗಳೇ. ಮೇಲಿನದೆಲ್ಲ ನಿಮ್ಮಮ್ಮನದು, ನಾನು ಹೇಳಿದೆ, ಅವಳು ಬರೆದಳು. ಪೆನ್ನನ್ನು ನಾನು ಕದ್ದಿಲ್ಲ, ಅದು ಈವರೆಗೆ ಒಡತಿಯ ಕೈಯಲ್ಲೇ ಇತ್ತು. ಅಂಗಡಿಯ ಚೀಟಿಗಳೂ ಮೊದಲಿನಿಂದ ಅವಳವೇ. ನಿನ್ನ ಶಾಲೆಯ ಪುಸ್ತಕಕ್ಕೆ ನಾನು ಹಾಕುತ್ತಿದ್ದದ್ದು ಬರೀ ಸಹಿ.

ಶಾಯಿ ಹರಡಿದೆಯಲ್ಲ, ಅಲ್ಲಿ ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಟೈಲರಮ್ಮನ ಗಡಿಯಾರ ನಡೆಯುತ್ತಿಲ್ಲ. ಕೂರಿಸುವಾಗ ಕೈ ನಡುಗಿ ಸ್ಪ್ರಿಂಗು ತಿರುಚಿಕೊಂಡಿತು. ಅಂಥದ್ದು ಇನ್ನೊಂದು ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಆದರೂ ಬರೆ ಎಂದೆ, ಬರೆದಳು. ‘ರದ್ದು’ ಎಂಬಲ್ಲಿಗೆ ಬಂದಾಗ ಪೆನ್ನನ್ನು ನನ್ನ ಕೈಗಿಟ್ಟು ಎದ್ದುಬಿಟ್ಟಳು. “ಇದು ಮಾತ್ರ ನನ್ನ ಕೈಲಾಗಲ್ಲ. ಇನ್ನು ನೀವೇ ಬರೀರಿ, ಅವಳು ನೋಡಲಿ,” ಅಂದಳು.

ನೋಡಿದೆಯಲ್ಲ. ಸೋಮವಾರ ಬರುತ್ತೇನೆ. ನಾಳೆ ಟೈಲರಮ್ಮನಿಗೂ ನಾನೇ ಹೇಳುತ್ತೇನೆ. ಡಾಕ್ಟರಿಗೆ ಒಂದು ವಿಷಯ ಮೊದಲೇ ತಿಳಿಸಿಬಿಡು: ಈ ಸಾಲುಗಳಲ್ಲಿರುವ ಸೊಟ್ಟೆಲ್ಲ ಕಾಯಿಲೆಯದಲ್ಲ. ಕೈ ಗಟ್ಟಿಯಿದ್ದ ಕಾಲದಲ್ಲೂ ನನ್ನ ಉತ್ತರ ಪತ್ರಿಕೆಯನ್ನು ಓದಲಾಗದೆ ಮೇಷ್ಟ್ರು ನನ್ನನ್ನೇ ಕರೆಸಿ ಓದಿಸುತ್ತಿದ್ದರು. ಕೆಲವು ಕಡೆ ನನಗೂ ಓದಲು ಬರುತ್ತಿರಲಿಲ್ಲ.