ಸೇತುವೆಯಾಚೆಗೆ ಗಡೀಪಾರಾದ ಸೈರನ್

ನೆರೆ ಬಂದರೆ ಕೂಗುವ ನಮ್ಮ ಬೀದಿಯ ಸೈರನ್ ಕಂಬವನ್ನು ಕಿತ್ತು ಸೇತುವೆಯ ಆಚೆ ನೆಟ್ಟ ಮಾನ್ಯ ಅಧಿಕಾರಿಗಳೇ,

ಅದನ್ನು ಮೊದಲಿದ್ದ ಜಾಗಕ್ಕೇ ತನ್ನಿ. ನಿಮ್ಮ ಕ್ಷೇಮವನ್ನು ಆಮೇಲೆ ವಿಚಾರಿಸುತ್ತೇನೆ, ನಮ್ಮ ಕಡೆಯಂತೂ ಕ್ಷೇಮವಿಲ್ಲ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಪರೀಕ್ಷೆಗೆ ಕೂರಲಿಲ್ಲ. ಇಂಗ್ಲಿಷ್ ಬರೆಯಲು ಬಾರದು. ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆದರೆ ಓದಿದವರು ಯಾರಾದರೂ ನಿಮ್ಮ ಕಿವಿಗೆ ಹಾಕಿಯಾರು ಎಂಬ ಆಸೆ.

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಮಂಚದಿಂದ ಎರಡು ಸಲ ಉರುಳಿದ ಮೇಲೆ ನೆಲದ ಮೇಲೇ ಹಾಸಿಗೆ ಹಾಕಿದ್ದೇವೆ. ಮಗನ ಜೊತೆ ಈ ಪರದೇಶಕ್ಕೆ ಬಂದ ಮೊದಲು ಸೆಂಗ್‌ಕಾಂಗ್ ಬಡಾವಣೆಯಲ್ಲಿ ಎತ್ತರದ ಮಹಡಿಯಲ್ಲಿದ್ದೆವು. ಈ ವರ್ಷ ಊರಿಗೆಲ್ಲ ದುಡ್ಡಿನ ಮಳೆ ಸುರಿಯಿತಲ್ಲ, ಬಾಡಿಗೆ ಏರಿ ನಾವು ಕಾಲುವೆ ಪಕ್ಕದ ಈ ಹಳೇ ಮನೆಗೆ ಇಳಿದೆವು. ಮಹಡಿಗೆ ಹೋಗುವ ಮೆಟ್ಟಿಲು ಇಕ್ಕಟ್ಟು, ಇವರನ್ನು ಮೇಲೆ ಸಾಗಿಸಲಾಗದು. ಬೇರೆಯವರಿಗೆ ನೆರೆ ಎಂದರೆ ಸೊಂಟದ ಮಟ್ಟ ನೀರು. ನಮಗೆ ಗೇಣು ಸಾಕು. ಮಗ ಸಂಕೇತ್, ಸೊಸೆ ಪ್ರಣತಿ ಇಬ್ಬರೂ ಪಾಯಾ ಲೆಬಾರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಇವರನ್ನು ಎತ್ತಲು ನನ್ನ ಕೈಲಾಗದು.

ಆದರೂ ಈ ಮನೆಗೆ ಒಪ್ಪಿದ್ದು ಎದುರಿಗೇ ನಿಮ್ಮ ಕಂಬವಿತ್ತೆಂದು. ಸೊಸೆ ಇಂಜಿನಿಯರು, ಬಿಡಿಸಿ ಹೇಳಿದಳು. ಕಂಬದ ತೋಳಿನ ತುದಿಯ ಡಬ್ಬಿ ಕೆಳಗಿನ ನೀರಿಗೆ ನಮಗೆ ಕೇಳಿಸದ ಸದ್ದೊಂದನ್ನು ಕಳಿಸುತ್ತದಂತೆ, ಬಾವಿಗೆ ಬಗ್ಗಿ ಕೂಗಿದ ಹಾಗೆ. ಮಾರ್ದನಿ ತಡವಾಗಿ ಬಂದರೆ ನೀರು ದೂರವಿದೆ, ಬೇಗ ಬಂದರೆ ನೀರು ಏರಿದೆ. ಗುರುತು ದಾಟಿತೋ, ಯಾರೂ ಗುಂಡಿ ಒತ್ತದೆ ತಾನೇ ಕೂಗುತ್ತದೆ. ಕೇಳಿ ನನ್ನ ಜೀವ ತಣ್ಣಗಾಯಿತು. ಹುಟ್ಟಿದಾಗಿನಿಂದ ನಾನು ಸಂಬಳವಿಲ್ಲದೆ ಮಾಡಿಕೊಂಡು ಬಂದ ಹೆದರುವ ಕೆಲಸವನ್ನು ಸರ್ಕಾರವೇ ಒಂದು ಡಬ್ಬಿಗೆ ವಹಿಸಿದೆಯಲ್ಲ ಎಂದು!

ಆಯುಧಪೂಜೆಯ ದಿನ ನಮ್ಮ ಸಾಲಿನ ಕನ್ನಡದವರು ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟ ಮೇಲೆ, ನಮ್ಮನ್ನು ಕಾಯುವ ಇದಕ್ಕೂ ಪೂಜೆಯಾಗಲಿ ಎಂದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಅನಂತರಾಮ್ ಹಾರ ಹಿಡಿದು ಸ್ಟೂಲು ಹತ್ತಿದರು.

“ಬೀಳ್ತೀರ, ಇಳೀರಿ ಅನಂತರಾಮ್ ಅವ್ರೇ” ಎಂದೆ.

“ಬಿದ್ರೆ ಸೈರನ್ ಆಗತ್ತಲ್ಲ, ನೀವ್ಯಾಕೆ ಹೆದರ್ತೀರಿ?”

ಅವರು ಬೀಳಲಿಲ್ಲ, ಸೈರನ್ ಆಯಿತು. ಮಲ್ಲಿಗೆ ಹಾರ ಡಬ್ಬಿಯ ಕೆಳಕ್ಕೆ ಇಳಿಬಿದ್ದು, ಅದನ್ನೇ ಪ್ರವಾಹವೆಂದುಕೊಂಡು ಯಂತ್ರ ಕೂಗಿದ್ದೇ ಕೂಗಿದ್ದು. ಸುಡುಬಿಸಿಲಿನಲ್ಲಿ ಬೀದಿಗೆ ಬೀದಿಯೇ ಸಾಮಾನು ಮೇಲೆ ಸಾಗಿಸಿತು. ತಪ್ಪು ನಮ್ಮವರದೇ, ಕೈಮುಗಿದು ಕ್ಷಮೆಯನ್ನೂ ಕೇಳಿದರು. ನೀವೋ, ಸಾರ್ವಜನಿಕರ ಕೈಗೆ ಸಿಗಬಾರದೆಂದು ಕಂಬವನ್ನೇ ಸೇತುವೆಯಾಚೆ ಬೇಲಿಯೊಳಗೆ ನೆಟ್ಟಿರಿ. ಅಪರಾಧ ಹಾರದ್ದು, ಗಡೀಪಾರು ಕಂಬಕ್ಕೆ. ಇದು ಯಾವ ನ್ಯಾಯ, ಮಾನ್ಯರೇ?

ನಮ್ಮ ಸೇತುವೆ ತಗ್ಗಿನದು. ಜೋರು ಮಳೆಯ ನೀರು ಅದರಡಿ ನುಗ್ಗಲಾರದೆ ಈಚೆ ಕಡೆ ಹಿಮ್ಮೆಟ್ಟಿ ನಿಲ್ಲುತ್ತದೆ. ಆಚೆ ಕಾಲುವೆ ಅಗಲ, ಅಲ್ಲಿ ನೀರು ತಣ್ಣಗೆ ಹರಿದುಹೋಗುತ್ತದೆ. ಜ್ವರ ಬಂದವನನ್ನು ಬಿಟ್ಟು ಪಕ್ಕದ ಮನೆಯವನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಜ್ವರ ಗೊತ್ತಾಗುತ್ತದೆಯೇ?

ಕಳೆದ ತಿಂಗಳು ಮಧ್ಯಾಹ್ನ ಮಳೆ ಹೊಡೆಯಿತು. ಕಾಲುವೆ ನೋಡಿ ಪ್ರಣತಿಗೆ ಫೋನ್ ಮಾಡಿದೆ.

“ಸೈರನ್ ಆಯ್ತಾ ಅತ್ತೆ?”

“ಇಲ್ಲ ಕಣೇ, ಆದ್ರೆ ನೀರು ನೋಡಿದ್ರೆ...”

“ಆಗಿಲ್ಲ ಅಂದ್ರೆ ಏನೂ ಇಲ್ಲ. ಸುಮ್ನೆ ಟೆನ್ಶನ್ ಮಾಡ್ಕೋಬೇಡಿ. ಮೀಟಿಂಗಲ್ಲಿದೀನಿ.”

ಯಂತ್ರಕ್ಕಿಂತ ನಾನು ದೊಡ್ಡವಳೇ? ಗಂಜಿ ಕಾಯಿಸಲು ಅಡುಗೆಮನೆಗೆ ಹೋದೆ. “ಕಾಮೂ, ಬೆನ್ನು ಒದ್ದೆ” ಎಂದರು ಇವರು, ತೊದಲುತ್ತ. “ಮತ್ತೆ ಮಾಡ್ಕೊಂಡ್ರಾ?” ಎಂದು ಗದರುತ್ತಲೇ ಬಂದೆ. ನೀರು ಅವರ ಕಿವಿ ಮುಟ್ಟಿತ್ತು. ತಲೆಯನ್ನು ತೊಡೆಯ ಮೇಲೆತ್ತಿಕೊಂಡು ಕಿರುಚಿದೆ. ಪಕ್ಕದ ಮನೆಯ ಲಿಮ್ ಅಂಕಲ್ ಓಡಿಬಂದು ಊಟದ ಮೇಜಿನ ಮೇಲೆ ಮಲಗಿಸದಿದ್ದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು. ಆಗಲೂ ಸೈರನ್ ಕೂಗಲಿಲ್ಲ. ಮಾರನೇ ದಿನ ಸಂಕೇತ್ ನಿಮ್ಮ ಕಚೇರಿಗೆ ಫೋನ್ ಮಾಡಿದ.

“ಸಿಸ್ಟಮ್‌ನಲ್ಲಿ ನೋ ಫ್ಲಡ್ ಲಾ, ಸರ್” ಎಂದರು ನಿಮ್ಮವರು, ಇಲ್ಲಿನವರು ಪ್ರತಿ ಮಾತಿಗೂ ಅಂಟಿಸುವ ‘ಲಾ’ ಬಾಲ ಸೇರಿಸಿ.

ಹಾಗಾದರೆ ನಮ್ಮವರ ಕಿವಿಗೆ ಬಂದದ್ದು ತೀರ್ಥವೇ? ಒದ್ದೆ ಹಾಸಿಗೆ ಹಿತ್ತಲಲ್ಲಿದೆ, ಇನ್ನೂ ಒಣಗಿಲ್ಲ. ಬಂದು ಮುಟ್ಟಿ ನೋಡಿ.

ಈಗ ನಾನೇ ಯಂತ್ರ. ಸ್ಟೀಲ್ ತಟ್ಟೆ, ಸೌಟು ಹಿಡಿದು ಕಿಟಕಿಯಲ್ಲಿ ಕೂರುತ್ತೇನೆ. ಬಡಿದರೆ ಲಿಮ್ ಅಂಕಲ್ ಬರಬೇಕು. ಬಂದರು ಕೂಡ, ಎರಡು ಸಲ, ಒಮ್ಮೆಯಂತೂ ಟವೆಲ್ಲಿನಲ್ಲೇ. ಎರಡು ಸಲವೂ ನೀರಿರಲಿಲ್ಲ, ಮೋಡವಷ್ಟೇ. ಮೊನ್ನೆ ಮೂರನೆಯ ಸಲ ಬಡಿದಾಗ ತಮ್ಮ ಬಾಗಿಲಿನಿಂದಲೇ, “ಆಂಟಿ, ಯು ವರಿ ಟೂ ಮಚ್ ಲಾ” ಎಂದು ನಕ್ಕು ಒಳಗೆ ಹೋದರು. ಅವರದೇನೂ ತಪ್ಪಿಲ್ಲ. ಆದರೆ ನಿಜವಾಗಿ ನೀರು ಬಂದ ದಿನ? ಡಿಸೆಂಬರಿನ ಮಳೆ ಇನ್ನೇನು ಶುರುವಾಗುತ್ತದೆ.

ಮಾನ್ಯರೇ, ಮಲ್ಲಿಗೆ ಯಾವುದು ಪ್ರವಾಹ ಯಾವುದು ಎಂದು ನನ್ನೊಳಗಿನ ಡಬ್ಬಿಗೆ ತಿಳಿಯುವುದಿಲ್ಲ. ನಿಮ್ಮದಕ್ಕೆ ತಿಳಿಯುತ್ತದೆ, ಹಾರ ತೆಗೆದರೆ ಸಾಕು. ಕಂಬವನ್ನು ಸೇತುವೆಯ ಈಚೆಗೆ ತನ್ನಿ. ಬೇಕಾದರೆ ಪಂಜರದೊಳಗಿಡಿ, ಹೂವು ಮುಡಿಸಬಾರದೆಂದು ಬೋರ್ಡು ಹಾಕಿ. ನಾವು ಹೊಸಿಲಲ್ಲೇ ನಿಂತು ಕೈಮುಗಿಯುತ್ತೇವೆ. ಆದರೆ ಮಳೆಗೆ ಮುಂಚೆ ತನ್ನಿ. ಲಿಮ್ ಅಂಕಲ್ ನನ್ನನ್ನು ನಂಬುವುದು ಬಿಟ್ಟಾಗಿದೆ.

ಇಂತಿ,
ಸೇತುವೆಯ ಈಚೆ ಕಡೆಯ, ಯಾರೂ ಕಿವಿಗೊಡದ ಅಲಾರಂ,
ಕಾಮಾಕ್ಷಿ ಶಿವರಾಮ್